ಬೈಬಲ್ ಓದಿಸಿ ಚಟ ಬಿಡಿಸುವ ಮನೆ: ಒಳಗೆ ಹೋದರೆ ಏನೇನಾಗುತ್ತದೆ?

ಒಳಗೆ ಕಾಲಿಟ್ಟ ಕೂಡಲೇ ಮೊದಲು ಬ್ಯಾಗ್ ತೆಗೆಸುತ್ತಾರೆ. ಬಟ್ಟೆಯನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದೇ ಬಿಡಿಸಿ, ಜೇಬು ತಡವಿ ನೋಡುತ್ತಾರೆ. ಸಿಗರೇಟು, ಲೈಟರ್ ಪಕ್ಕಕ್ಕೆ. ಮೊಬೈಲ್ ಪಕ್ಕಕ್ಕೆ. ಇಷ್ಟು ಎಲ್ಲರೂ ಊಹಿಸಿರುತ್ತಾರೆ. ಆಮೇಲೆ ಮೌತ್‌ವಾಶ್ ಬಾಟಲಿಯನ್ನೂ ಎತ್ತಿಡುತ್ತಾರೆ. ಗಡ್ಡ ಹೆರೆದ ಮೇಲೆ ಹಚ್ಚುವ ಲೋಷನ್, ಸ್ಯಾನಿಟೈಸರ್, ಕೆಮ್ಮಿನ ಸಿರಪ್ಪು ಕೂಡ ಅದೇ ಡಬ್ಬಕ್ಕೆ. ಇವುಗಳಲ್ಲಿ ಆಲ್ಕೋಹಾಲ್ ಇರಬಹುದಲ್ಲ, ಅದಕ್ಕೆ. ನಮ್ಮ ಕಡೆಯ ಹುಡುಗನಾದರೆ ಅಮ್ಮ ಕಟ್ಟಿಕೊಟ್ಟ ಅಶ್ವಗಂಧಾರಿಷ್ಟದ ಬಾಟಲಿಯೂ ಹೋಯಿತು ಅಂತಲೇ ಲೆಕ್ಕ. ಅರಿಷ್ಟ, ಆಸವ ಎಂದರೆ ಹುಳಿ ಬರಿಸಿ ಮಾಡಿದ ಔಷಧಿ. ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಲೇಬಲ್ ಮೇಲೆಯೇ ಬರೆದಿರುತ್ತಾರೆ. ನಾವು ಓದಿರುವುದಿಲ್ಲ, ಅಷ್ಟೇ.

ಚರ್ಚುಗಳು, ಕ್ರೈಸ್ತ ಸಂಸ್ಥೆಗಳು ನಡೆಸುವ ಚಟ ಬಿಡಿಸುವ ಕೇಂದ್ರಗಳ ಒಳಗಿನ ದಿನಚರಿ ಹೀಗೆ ಶುರುವಾಗುತ್ತದೆ. ಅಮೆರಿಕದಲ್ಲಿ ಇಂಥ ಕೇಂದ್ರಗಳು ಬಹಳ. ಅಲ್ಲಿರುವ ಕನ್ನಡದ ಮನೆಯೊಂದರ ಮಗನೋ ಅಳಿಯನೋ ಕುಡಿತಕ್ಕೆ, ನೋವಿನ ಮಾತ್ರೆಗೆ ಬಿದ್ದರೆ, ಖಾಸಗಿ ರಿಹ್ಯಾಬ್‌ನ ಬಿಲ್ಲು ಕೇಳಿ ಎದೆ ಒಡೆದುಕೊಂಡ ಮೇಲೆ ಕಣ್ಣಿಗೆ ಬೀಳುವುದು ಇವು. ಕೆಲವು ಕಡೆ ಫೀಸೇ ಇಲ್ಲ, ಕೆಲವು ಕಡೆ ಕಡಿಮೆ. ಆಗ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಅಲ್ಲಿ ನಿಜವಾಗಿ ಬಿಡಿಸುತ್ತಾರಾ? ನಮ್ಮ ಹುಡುಗನನ್ನು ಮತಾಂತರ ಮಾಡಿಬಿಟ್ಟರೆ?

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ಬರುತ್ತೇನೆ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಮೊದಲ ಐದು ದಿನ ಅವನನ್ನು ನೋಡಿಕೊಳ್ಳುವವರು ಯಾರು? ಡಾಕ್ಟರಾ, ಪಾಸ್ಟರಾ?

ಬೋರ್ಡು ಒಂದೇ, ಒಳಗಿನದು ಬೇರೆ ಬೇರೆ

'ಕ್ರಿಶ್ಚಿಯನ್ ರಿಹ್ಯಾಬ್' ಅನ್ನುವ ಹೆಸರು ತುಂಬಾ ಅಗಲವಾದದ್ದು. 'ವೆಜ್ ಹೋಟೆಲ್' ಅಂದಂತೆ. ಒಳಗೆ ಉಡುಪಿ ಊಟವೂ ಇರಬಹುದು, ರಾಜಸ್ಥಾನಿ ಥಾಲಿಯೂ ಇರಬಹುದು.

ಅಮೆರಿಕದಲ್ಲಿ ಜಾಸ್ತಿ ಕೇಳಿಬರುವ ಹೆಸರು ಟೀನ್ ಚಾಲೆಂಜ್. ಅದರ ಹುಟ್ಟಿನ ಕತೆ ಸ್ವಲ್ಪ ವಿಚಿತ್ರ. ಡೇವಿಡ್ ವಿಲ್ಕರ್ಸನ್ ಅನ್ನುವವರು ಪೆನ್ಸಿಲ್ವೇನಿಯಾದ ಸಣ್ಣ ಊರೊಂದರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಪಂಗಡದ ಪಾಸ್ಟರ್ ಆಗಿದ್ದರು. 1958ರಲ್ಲಿ ಲೈಫ್ ಪತ್ರಿಕೆಯಲ್ಲಿ, ಕೊಲೆ ಆರೋಪದ ಮೇಲೆ ನ್ಯೂಯಾರ್ಕ್ ಕೋರ್ಟಿನಲ್ಲಿ ನಿಂತ ಹುಡುಗರ ಚಿತ್ರ ನೋಡಿದರು. ಸೀದಾ ಕಾರು ಹತ್ತಿ ನ್ಯೂಯಾರ್ಕಿಗೆ ಹೋದರು. ನ್ಯಾಯಾಧೀಶರ ಹತ್ತಿರ ಮಾತಾಡುತ್ತೇನೆ ಎಂದು ಕೋರ್ಟಿನಲ್ಲಿ ಎದ್ದು ನಿಂತರು, ಹೊರಗೆ ಹಾಕಿಸಿಕೊಂಡರು. ಕೈಯಲ್ಲಿ ಬೈಬಲ್ ಹಿಡಿದ ಅವರ ಫೋಟೋ ಪತ್ರಿಕೆಗಳಲ್ಲಿ ಬಂತು. ಮಾನ ಹೋಯಿತು ಅಂದುಕೊಂಡರೆ, ಅದೇ ಫೋಟೋ ನೋಡಿದ ಬೀದಿಯ ಹುಡುಗರು ಇವರನ್ನು ಹತ್ತಿರ ಬಿಟ್ಟುಕೊಂಡರು. ಪೊಲೀಸರು ಎಳೆದು ಹಾಕಿದವರು ಅಂದರೆ ನಮ್ಮವರೇ ಅಂತ! 1960ರ ಹೊತ್ತಿಗೆ ಬ್ರೂಕ್ಲಿನ್‌ನಲ್ಲಿ ಒಂದು ಮನೆ ತೆರೆಯಿತು. ಹೆಸರಿನಲ್ಲಿ ಟೀನ್ ಇದ್ದರೂ ಈಗ ಅಲ್ಲಿ ದೊಡ್ಡವರೇ ಹೆಚ್ಚು. ಸಾಮಾನ್ಯವಾಗಿ ಒಂದು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ. ಇದ್ದು ಹೋಗುವವರನ್ನು ರೋಗಿ ಅನ್ನುವುದಿಲ್ಲ, 'ವಿದ್ಯಾರ್ಥಿ' ಅನ್ನುತ್ತಾರೆ. ಆ ಪದದಲ್ಲೇ ಅವರ ನಿಲುವು ಗೊತ್ತಾಗುತ್ತದೆ. ಚಟ ಅನ್ನುವುದು ವಾಸಿ ಮಾಡಬೇಕಾದ ಕಾಯಿಲೆ ಅನ್ನುವುದಕ್ಕಿಂತ, ಬದುಕನ್ನೇ ಹೊಸದಾಗಿ ಕಲಿಯಬೇಕು ಅನ್ನುವುದು ಅವರ ನಂಬಿಕೆ.

ಇನ್ನೊಂದು ತುದಿಯಲ್ಲಿ ಮುಂಬೈನ ಕೃಪಾ ಫೌಂಡೇಶನ್ ಇದೆ. ಇದನ್ನು 1981ರಲ್ಲಿ ಶುರು ಮಾಡಿದವರು ಕ್ಯಾಥೊಲಿಕ್ ಗುರು ಫಾದರ್ ಜೋ ಪಿರೇರಾ. ಅವರೇ ಒಂದು ಕಾಲದಲ್ಲಿ ಕುಡಿತಕ್ಕೆ ಸಿಕ್ಕಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಅಂದರೆ ಎ.ಎ. ಮೂಲಕ ಹೊರಬಂದವರು. ಅದನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾ ಬಂದವರು. ಬಿ.ಕೆ.ಎಸ್. ಅಯ್ಯಂಗಾರರ ಶಿಷ್ಯರೂ ಹೌದು. ಅಯ್ಯಂಗಾರರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು ಅನ್ನುವುದು ಗೊತ್ತಲ್ವಾ? ಆ ಬೆಳ್ಳೂರಿನವರ ಹಗ್ಗ, ಬೆಲ್ಟು, ಮರದ ತುಂಡುಗಳ ಯೋಗವನ್ನು ಈ ಫಾದರ್ ಎ.ಎ.ಯ ಹನ್ನೆರಡು ಮೆಟ್ಟಿಲುಗಳ ಜತೆ ಸೇರಿಸಿ, ಕುಡುಕರನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದಕ್ಕೆ ಬಳಸಿದರು. 2009ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೃಪಾದಲ್ಲಿ ಯೋಗವೇ ಜೀವಾಳ. ಅಮೆರಿಕದ ಎಷ್ಟೋ ಇವಾಂಜೆಲಿಕಲ್ ಪಾಸ್ಟರುಗಳು ಯೋಗ ಅಂದರೇ ಮುಖ ಸಿಂಡರಿಸುತ್ತಾರೆ. ಎರಡೂ ಕ್ರೈಸ್ತ ಕೇಂದ್ರಗಳೇ. ಅದಕ್ಕೇ ಹೇಳಿದ್ದು, ಬೋರ್ಡು ನೋಡಿ ತೀರ್ಮಾನ ಮಾಡಬೇಡಿ.

ಈ ಎರಡರ ನಡುವೆ ಇನ್ನೂ ಕೆಲವು ಬಗೆ ಇವೆ. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸಂಸ್ಥೆ ಅಮೆರಿಕದಲ್ಲಿ ಸುಮಾರು ಆರು ತಿಂಗಳ ವಸತಿ ಕಾರ್ಯಕ್ರಮ ನಡೆಸುತ್ತದೆ. ಅದರಲ್ಲಿ ಕೆಲಸವೇ ಚಿಕಿತ್ಸೆ, ಮುಂದೆ ಹೇಳುತ್ತೇನೆ. 1991ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನಲ್ಲಿ ಹುಟ್ಟಿದ ಸೆಲೆಬ್ರೇಟ್ ರಿಕವರಿ ಉಳಿಯುವ ಜಾಗವೇ ಅಲ್ಲ. ವಾರಕ್ಕೊಂದು ಸಂಜೆ ಸೇರುವ ಕೂಟ. ಬೈಬಲ್‌ನ ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಬೆಟ್ಟದ ಮೇಲೆ ಹೇಳಿದ, 'ಧನ್ಯರು' ಎಂದು ಶುರುವಾಗುವ ಮಾತುಗಳನ್ನು ಎಂಟು ಹೆಜ್ಜೆ ಮಾಡಿಕೊಂಡಿದ್ದಾರೆ. ಇನ್ನು ಕ್ರೈಸ್ತ ಸಂಸ್ಥೆಗಳೇ ನಡೆಸುವ ದೊಡ್ಡ ಆಸ್ಪತ್ರೆಗಳಿವೆ, ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್ ಇದ್ದಂತೆ. ಅಲ್ಲಿ ಆವರಣದಲ್ಲಿ ಪ್ರಾರ್ಥನಾ ಮಂದಿರ ಇರುತ್ತದೆ, ಆದರೆ ಕುಡಿತಕ್ಕೆ ಔಷಧಿ ಬರೆಯುವವರು ಮನೋವೈದ್ಯರು. ಬೇರೆ ಯಾವ ಆಸ್ಪತ್ರೆಗೆ ಹೋದಂತೆಯೇ ಅದೂ.

ಮೊದಲ ಐದು ದಿನ

ಈಗ ಮುಖ್ಯ ವಿಷಯಕ್ಕೆ ಬರೋಣ. ವರ್ಷಗಟ್ಟಲೆ ದಿನಾ ಕುಡಿದವನು ಒಂದು ಬೆಳಿಗ್ಗೆ ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆ? ಹಗ್ಗ ಜಗ್ಗಾಟ ನೆನಪಿಸಿಕೊಳ್ಳಿ. ಮದ್ಯ ಮೆದುಳನ್ನು ಮಂಕು ಮಾಡುವ ಕಡೆ ಎಳೆಯುತ್ತದೆ. ಮೆದುಳು ಸುಮ್ನೆ ಕೂರುವುದಿಲ್ಲ, ಎಚ್ಚರದ ಕಡೆಗೆ ಅಷ್ಟೇ ಜೋರಾಗಿ ಎಳೆಯುತ್ತದೆ. ವರ್ಷಗಟ್ಟಲೆ ಈ ಜಗ್ಗಾಟ ನಡೆದಿರುತ್ತದೆ. ಒಂದು ದಿನ ಮದ್ಯ ಕೈಬಿಟ್ಟರೆ, ಎದುರಿನ ತಂಡ ಹಿಂದಕ್ಕೆ ಬೀಳುತ್ತದಲ್ಲ, ಹಾಗೆ ಮೆದುಳು ಅತಿ ಎಚ್ಚರಕ್ಕೆ ಬೀಳುತ್ತದೆ. ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಎದೆ ಡವಡವ, ನಿದ್ದೆ ಇಲ್ಲ. ಲೋಟಕ್ಕೆ ಅರ್ಧ ಮಾತ್ರ ಟೀ ಹಾಕಿಕೊಡಬೇಕು, ತುಂಬಿಸಿದರೆ ಅಂಗಿಯ ಮೇಲೆ. ಅರ್ಧ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಬಾಯಿಯನ್ನೇ ಲೋಟದ ಹತ್ತಿರ ತರುತ್ತಾನೆ.

ಇಷ್ಟೇ ಆದರೆ ತಡೆದುಕೊಳ್ಳಬಹುದು. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ ಹತ್ತುತ್ತದೆ. ಗೋಡೆ ಮೇಲೆ ಹುಳ ಕಾಣುತ್ತದೆ, ಇಲ್ಲದವರ ಜತೆ ಮಾತು, ಜ್ವರ, ಹೊತ್ತು ಗೊತ್ತು ತಿಳಿಯದ ಸ್ಥಿತಿ. ವೈದ್ಯರು ಇದನ್ನು ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಇದಕ್ಕೆ ಬೇಕಾದದ್ದು ಮದ್ಯದ ಜಾಗದಲ್ಲಿ ಸ್ವಲ್ಪ ದಿನ ಕೊಟ್ಟು ಮೆಲ್ಲಗೆ ಇಳಿಸುವ ಮಾತ್ರೆ. ಜತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಅದು ಕಮ್ಮಿಯಾದರೆ ಮೆದುಳಿಗೆ ಪೆಟ್ಟು ಬಿದ್ದು ನೆನಪೇ ಅಳಿಸಿ ಹೋಗಬಹುದು. ಪ್ರಾರ್ಥನೆ ಮಾಡಬೇಡಿ ಅನ್ನುತ್ತಿಲ್ಲ. ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡುವವರೂ ಇರಲಿ, ಮಂಚದ ತಲೆಯ ಕಡೆ ನರ್ಸೂ ಇರಲಿ.

ಹೆರಾಯಿನ್, ನೋವಿನ ಮಾತ್ರೆಗಳಂಥ ಅಫೀಮಿನ ಜಾತಿಯ ಅಮಲಿಗೆ ಬೇರೆ ಲೆಕ್ಕ. ಬಿಟ್ಟಾಗ ಕೆಟ್ಟ ಫ್ಲೂ ಬಂದಂತೆ ಮೈಕೈ ನೋವು, ವಾಂತಿ, ಭೇದಿ. ನೀರು ಕಳೆದುಕೊಳ್ಳದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಜೀವಕ್ಕೆ ತೊಂದರೆ ಇಲ್ಲ. ಅಪಾಯ ಕಾದು ಕೂತಿರುವುದು ಬಾಗಿಲಾಚೆ. ಕೆಲವು ವಾರ ಬಿಟ್ಟ ಮೇಲೆ ಮೈಯ ತಾಳಿಕೆ ಇಳಿದಿರುತ್ತದೆ. ಹೊರಗೆ ಬಂದು, ಹಳೇ ಅಳತೆಯಲ್ಲೇ ಒಂದು ಸಲ ತಗೊಂಡರೆ ಉಸಿರೇ ನಿಲ್ಲಬಹುದು. ಅದಕ್ಕೇ ಬ್ಯೂಪ್ರೆನಾರ್ಫಿನ್, ಮೆಥಡೋನ್‌ನಂಥ ಔಷಧಿಗಳನ್ನು ತಿಂಗಳು, ವರ್ಷಗಟ್ಟಲೆ ಮುಂದುವರಿಸುವ ಪದ್ಧತಿ ಇದೆ. ಇಲ್ಲಿ ಕ್ರೈಸ್ತ ಕೇಂದ್ರಗಳಲ್ಲಿ ದೊಡ್ಡ ಭೇದ ಕಾಣುತ್ತದೆ. ಕೆಲವು ಕಡೆ ಈ ಔಷಧಿ ನಡೆಯುತ್ತದೆ. ಕೆಲವು ಕಡೆ 'ಒಂದು ಅಮಲು ಬಿಟ್ಟು ಇನ್ನೊಂದು ಹಿಡಿದಂತೆ' ಎಂದು ಬಾಗಿಲಲ್ಲೇ ಬೇಡ ಅನ್ನುತ್ತಾರೆ. ಡಾಕ್ಟರು ಬರೆದುಕೊಟ್ಟ ಔಷಧಿ ನಿಲ್ಲಿಸಿದರೆ ಮಾತ್ರ ಸೇರಿಸುತ್ತೇವೆ ಎಂದು ಹೇಳುವ ಜಾಗಕ್ಕೆ, ಆ ಡಾಕ್ಟರನ್ನು ಕೇಳದೆ ಹೋಗಬೇಡಿ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಟೆಕ್ಸಸ್ ರಾಜ್ಯದ ಕಾನೂನು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಸ್ಯಾನ್ ಆಂಟೋನಿಯೋದ ಟೀನ್ ಚಾಲೆಂಜ್‌ಗೂ ಸರ್ಕಾರಿ ಅಧಿಕಾರಿಗಳಿಗೂ 1995ರಲ್ಲಿ ಲೈಸೆನ್ಸ್ ಜಗಳ ಹತ್ತಿತು. 1997ರಲ್ಲಿ, ಜಾರ್ಜ್ ಬುಷ್ ಗವರ್ನರ್ ಆಗಿದ್ದಾಗ, ಪ್ರಾರ್ಥನೆ ಮತ್ತು ಬೈಬಲ್ ಪಾಠದ ಮೂಲಕ ಮಾತ್ರ ಚಟ ಬಿಡಿಸುವ ಧಾರ್ಮಿಕ ಕೇಂದ್ರಗಳಿಗೆ ಲೈಸೆನ್ಸ್ ಬೇಡ ಎಂದು ಕಾನೂನು ಮಾಡಿದರು. ಆದರೆ ಒಂದು ಷರತ್ತು ಹಾಕಿದರು. ಅಂಥ ಕೇಂದ್ರ ವೈದ್ಯಕೀಯ ಚಿಕಿತ್ಸೆ ಕೊಡುವಂತಿಲ್ಲ, ವಿತ್‌ಡ್ರಾವಲ್‌ಗೆ, ಅಂದರೆ ಅಮಲು ಬಿಟ್ಟಾಗ ಬರುವ ತೊಂದರೆಗೆ, ಔಷಧಿ ಕೊಡುವಂತಿಲ್ಲ. ಅಂದರೆ ಆ ಮೊದಲ ಐದು ದಿನ ಅವರ ಬಾಬ್ತು ಅಲ್ಲ ಎಂದು ಕಾನೂನೇ ಗೆರೆ ಎಳೆಯಿತು. ಒಳ್ಳೆಯ ಕೇಂದ್ರಗಳು ಇದನ್ನು ಮೊದಲ ಫೋನಿನಲ್ಲೇ ಹೇಳುತ್ತವೆ: 'ಮೊದಲು ಆಸ್ಪತ್ರೆಯಲ್ಲಿ ಇಳಿಸಿಕೊಂಡು ಬನ್ನಿ, ಆಮೇಲೆ ನಮ್ಮಲ್ಲಿಗೆ.' ಹೀಗೆ ಹೇಳಿದರೆ ಬೇಸರ ಬೇಡ, ಅದು ಒಳ್ಳೆಯ ಗುರುತು.

ಆಮೇಲಿನ ತಿಂಗಳುಗಳು

ಐದನೇ ದಿನ ಕಳೆದ ಮೇಲೆ ಕತೆಯೇ ಬೇರೆ. ಮೈ ಹಗುರಾಗುತ್ತದೆ, ಹಸಿವು ಬರುತ್ತದೆ, ಸಿಹಿ ತಿನ್ನುವ ಚಪಲ ಹತ್ತುತ್ತದೆ. 'ನಾನು ಸರಿ ಹೋದೆ, ಮನೆಗೆ ಕಳಿಸಿ' ಎಂಬ ಹಟವೂ ಆಗಲೇ ಶುರು. ಇಲ್ಲಿಂದ ಮುಂದೆ ವೈದ್ಯರ ಕೆಲಸ ಕಡಿಮೆ, ದಿನಚರಿಯ ಕೆಲಸ ಜಾಸ್ತಿ. ಈ ಭಾಗದಲ್ಲಿ ಧರ್ಮದ ಕೇಂದ್ರಗಳು ಗಟ್ಟಿ ಅಂತ ನನ್ನ ಅನಿಸಿಕೆ.

ನಸುಕಿನಲ್ಲಿ ಎದ್ದೇಳಬೇಕು. ಹಾಸಿಗೆ ಮಡಿಸಬೇಕು. ಇದು ಸಣ್ಣ ವಿಷಯ ಅಲ್ಲ, ಎಷ್ಟೋ ವರ್ಷದಿಂದ ಹಾಸಿಗೆ ಮಡಿಸದವನಿಗೆ ಮೊದಲ ಪಾಠವೇ ಅದು. ಒಬ್ಬೊಬ್ಬರೇ ಕೂತು ಬೈಬಲ್ ಓದುವ ಹೊತ್ತು, ತಿಂಡಿ, ಆಮೇಲೆ ಹಾಡು, ಪ್ರಾರ್ಥನೆ. ತರಗತಿ ಇರುತ್ತದೆ. ಕೋಪ, ಸುಳ್ಳು, ಕ್ಷಮೆ, ಸೋಲು ಇಂಥ ವಿಷಯ ಇಟ್ಟುಕೊಂಡು ಪಾಠ, ವಚನ ಬಾಯಿಪಾಠ, ಪರೀಕ್ಷೆ ಕೂಡ. ಓದು ಬಿಟ್ಟು ಇಪ್ಪತ್ತು ವರ್ಷ ಆದವನು ಪೆನ್ಸಿಲ್ ಹಿಡಿದು ಕೂರಬೇಕು. ಮಧ್ಯಾಹ್ನ ಕೆಲಸ: ಅಡುಗೆಮನೆ, ತೋಟ, ಗುಡಿಸುವುದು, ಕಕ್ಕಸು ತೊಳೆಯುವುದು. ರಾತ್ರಿ ಬೇಗ ದೀಪ ಆರುತ್ತದೆ. ಟೀನ್ ಚಾಲೆಂಜ್ ಮಾದರಿಯ ಕಡೆ ಮೊಬೈಲ್ ಇಲ್ಲ, ಸಿಗರೇಟಿಲ್ಲ, ಮನಸ್ಸಿಗೆ ಬಂದ ಸಿನಿಮಾ ಹಾಡು ಕೇಳುವಂತಿಲ್ಲ. ಮನೆಗೆ ಫೋನು ವಾರಕ್ಕಿಷ್ಟೇ ನಿಮಿಷ ಅಂತ ಅಳತೆ. ತಿಂಗಳು ಕಳೆದಂತೆ ಒಂದೊಂದೇ ಸಡಿಲ ಸಿಗುತ್ತದೆ.

ಧರ್ಮಸ್ಥಳದವರ ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಯಲ್ಲಿ ಹಾಕುವ ಮದ್ಯವರ್ಜನ ಶಿಬಿರ ಕಂಡವರಿಗೆ ಇದು ಹೊಸದೆನಿಸದು. ಅಲ್ಲೂ ಭಜನೆ ಇದೆ, ಹೊತ್ತುಹೊತ್ತಿನ ಶಿಸ್ತಿದೆ, ಮನೆಯವರನ್ನು ಕರೆಸಿ ಎದುರು ಕೂರಿಸುವುದಿದೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಇದೆ. ಬೇರೆ ದೇವರು, ಅದೇ ಹೆಣಿಗೆ. ವ್ಯತ್ಯಾಸ ಮುಖ್ಯವಾಗಿ ಕಾಲದ್ದು. ಅದು ವಾರದ ಲೆಕ್ಕ, ಇದು ವರ್ಷದ ಲೆಕ್ಕ.

ಸಂಜೆಯ 'ಸಾಕ್ಷಿ' ಹೇಳುವ ಹೊತ್ತು ನೋಡಬೇಕು. ಒಬ್ಬ ಎದ್ದು ನಿಲ್ಲುತ್ತಾನೆ. ಹೆಂಡತಿಯ ಮಾಂಗಲ್ಯ ಅಡವಿಟ್ಟದ್ದು, ಮಗಳ ಹುಟ್ಟುಹಬ್ಬದ ದಿನ ಚರಂಡಿಯಲ್ಲಿ ಬಿದ್ದಿದ್ದದ್ದು, ಅಪ್ಪ ತೀರಿಕೊಂಡಾಗ ಮಣ್ಣು ಹಾಕಲೂ ನಿಲ್ಲಲಾಗದ್ದು, ಇಂಥದ್ದೇ ಏನನ್ನೋ ಹೇಳುತ್ತಾನೆ. ಯಾರೂ ತಡೆಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮುಗಿದಾಗ ಚಪ್ಪಾಳೆಯೋ ಹಲ್ಲೆಲೂಯವೋ. ಕೇಳಿದವರಿಗೆ ಗೊತ್ತಾಗುವುದು ಒಂದೇ: ಇದು ನನ್ನ ಕತೆಯೂ ಹೌದು. ಒಂಟಿ ನಾಚಿಕೆ ಹತ್ತು ಜನರ ನಡುವೆ ಹಂಚಿಹೋಗುತ್ತದೆ. ಈ ವಿದ್ಯೆ ಹಳೆಯದು. 1935ರಲ್ಲಿ ಓಹಾಯೋದ ಆಕ್ರಾನ್‌ನಲ್ಲಿ ಎ.ಎ. ಹುಟ್ಟಿದ್ದೂ ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಕೂಟದ ಮಡಿಲಲ್ಲೇ. ತಪ್ಪು ಒಪ್ಪಿಕೊಳ್ಳುವುದು, ನೋಯಿಸಿದವರ ಹತ್ತಿರ ಹೋಗಿ ಸರಿ ಮಾಡಿಕೊಳ್ಳುವುದು, ಇನ್ನೊಬ್ಬರಿಗೆ ನೆರವಾಗುವುದು ಎಲ್ಲ ಅಲ್ಲಿಂದ ಬಂದವು. ಮುಂದೆ ಎ.ಎ.ಯವರು ಬೇರೆಯಾಗಿ, ಯೇಸುವಿನ ಹೆಸರು ಬಿಟ್ಟು, 'ನಾವು ತಿಳಿದುಕೊಂಡಂಥ ದೇವರು' ಎಂದು ಬಾಗಿಲು ಅಗಲ ಮಾಡಿದರು. ಟೀನ್ ಚಾಲೆಂಜ್, ಸೆಲೆಬ್ರೇಟ್ ರಿಕವರಿಯವರು ಆ ಹೆಸರನ್ನು ಮತ್ತೆ ಮುಂದಿಟ್ಟರು.

ಒಂದು ಸಣ್ಣ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಚರ್ಚಿನಲ್ಲಿ ದ್ರಾಕ್ಷಾರಸ ಕೊಡುತ್ತಾರಲ್ಲ, ಅದೇನು? ಇದಕ್ಕೆ ನೂರೈವತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. 1869ರಲ್ಲಿ ನ್ಯೂಜೆರ್ಸಿಯ ಥಾಮಸ್ ವೆಲ್ಚ್ ಅನ್ನುವ ಹಲ್ಲಿನ ಡಾಕ್ಟರು, ಮೆಥೊಡಿಸ್ಟ್ ಪಂಗಡದವರು, ದ್ರಾಕ್ಷಿ ರಸವನ್ನು ಕಾಯಿಸಿ ಹುಳಿಯಾಗದಂತೆ ಬಾಟಲಿಗೆ ತುಂಬಿದರು. ಕುಡಿತ ವಿರೋಧಿಸುವ ಚರ್ಚಿನ ಪ್ರಭುಭೋಜನಕ್ಕೆ ಬೇಕಾಗಿತ್ತು. ಅಮೆರಿಕದ ಅಂಗಡಿಗಳಲ್ಲಿ ಮಕ್ಕಳಿಗೆ ಕೊಳ್ಳುವ ವೆಲ್ಚ್ಸ್ ಜ್ಯೂಸಿನ ಮೂಲ ಇದು. ಹೆಚ್ಚಿನ ಇವಾಂಜೆಲಿಕಲ್ ಕೇಂದ್ರಗಳಲ್ಲಿ ಇವತ್ತಿಗೂ ಸಣ್ಣ ಲೋಟದಲ್ಲಿ ಸಿಗುವುದು ಹುಳಿಯಾಗದ ರಸವೇ.

ಕೆಲಸ ಮಾಡಿಸುವುದು ಯಾರಿಗಾಗಿ?

ಫೀಸು ಇಲ್ಲ ಅಂದಮೇಲೆ ಊಟ, ಹಾಸಿಗೆ, ಕರೆಂಟಿಗೆ ದುಡ್ಡು ಎಲ್ಲಿಂದ? ಕಾಣಿಕೆಯಿಂದ ಸ್ವಲ್ಪ, ಒಳಗಿರುವವರ ದುಡಿಮೆಯಿಂದ ಸ್ವಲ್ಪ. ಸಾಲ್ವೇಶನ್ ಆರ್ಮಿಯ ಕೇಂದ್ರಗಳಲ್ಲಿ ಜನ ದಾನ ಕೊಟ್ಟ ಹಳೇ ಬಟ್ಟೆ, ಸೋಫಾ, ಪಾತ್ರೆಗಳನ್ನು ವಿಂಗಡಿಸಿ, ಲಾರಿಗೆ ಏರಿಸಿ, ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕಳಿಸುವ ಕೆಲಸ ಇವರದೇ. ಅಂಗಡಿಯ ದುಡ್ಡಿನಿಂದ ಕೇಂದ್ರ ನಡೆಯುತ್ತದೆ. ವಾರಕ್ಕೆ ಕೈಖರ್ಚಿಗೆ ಒಂದಿಷ್ಟು ಸಿಗುತ್ತದೆ. ಎದ್ದು, ಹೊತ್ತಿಗೆ ಸರಿಯಾಗಿ ಹೋಗಿ, ಮೇಲಿನವರ ಮಾತು ಕೇಳಿ ದುಡಿಯುವ ರೂಢಿ ಮತ್ತೆ ಬರಲಿ ಅನ್ನುವುದು ಅವರ ವಾದ. ಇದು ಕೂಲಿ ಕೊಡದೆ ಮಾಡಿಸುವ ದುಡಿಮೆ ಎಂದು 2021ರಿಂದೀಚೆಗೆ ಹಿಂದೆ ಅಲ್ಲಿದ್ದವರು ಬೇರೆ ಬೇರೆ ರಾಜ್ಯಗಳಲ್ಲಿ ದಾವೆ ಹೂಡಿದರು. ಇವರು ನೌಕರರಲ್ಲ, ನೆರವು ಪಡೆಯುವವರು ಅನ್ನುವುದು ಸಂಸ್ಥೆಯ ನಿಲುವು.

ಈ ವ್ಯಾಜ್ಯಕ್ಕೂ ಒಬ್ಬ ಅಜ್ಜ ಇದ್ದಾನೆ. 1985ರಲ್ಲಿ ಅಲಾಮೋ ಫೌಂಡೇಶನ್ ಅನ್ನುವ ಧಾರ್ಮಿಕ ಸಂಸ್ಥೆಯ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಅಮಲಿನಿಂದ ಹೊರಬಂದವರೇ ಹೆಚ್ಚಾಗಿದ್ದ ಅಲ್ಲಿನ ಜನ, ಊಟ ಬಟ್ಟೆ ವಸತಿಗೆ ಬದಲಾಗಿ ಸಂಸ್ಥೆಯ ವ್ಯಾಪಾರಗಳಲ್ಲಿ ದುಡಿಯುತ್ತಿದ್ದರು. ನಮಗೆ ಕೂಲಿ ಬೇಡ ಎಂದು ಅವರೇ ಹೇಳಿದರು. ಆದರೂ ಕೋರ್ಟು ಇವರು ನೌಕರರೇ, ಕನಿಷ್ಠ ಕೂಲಿಯ ಕಾನೂನು ಇವರಿಗೂ ಸಲ್ಲುತ್ತದೆ ಅಂದಿತು.

ನನ್ನ ಅಳತೆ ಸರಳ. ತಾನು ತಿಂದ ತಟ್ಟೆ ತೊಳೆಯುವುದು, ತಾನಿರುವ ಮನೆ ಗುಡಿಸುವುದು ಚಿಕಿತ್ಸೆಯ ಭಾಗ. ದಿನವಿಡೀ ಮಾರಾಟದ ಮಾಲು ಎತ್ತಿಸಿ, ಕೌನ್ಸೆಲಿಂಗ್‌ಗೆ ಹೊತ್ತೇ ಇಲ್ಲ ಅನ್ನುವಂತಿದ್ದರೆ ಯೋಚಿಸಬೇಕು. ಸೇರುವ ಮೊದಲೇ ಕೇಳಿ: ವಾರದಲ್ಲಿ ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ಕೌನ್ಸೆಲಿಂಗ್?

ಮತಾಂತರದ ಮಾತು

ಟೀನ್ ಚಾಲೆಂಜ್‌ನಂಥ ಕಡೆ ಯೇಸುವನ್ನು ನಂಬುವುದೇ ಔಷಧಿ. ಅವರು ಇದನ್ನು ಮುಚ್ಚಿಡುವುದೂ ಇಲ್ಲ. ಪ್ರಾರ್ಥನೆಗೆ ಹೋಗುವುದು ಕಡ್ಡಾಯ, ಪಾಠವೆಲ್ಲ ಬೈಬಲ್‌ದೇ. ದೀಕ್ಷಾಸ್ನಾನ ಮಾಡಿಸಿಕೊಂಡಾಗ ಎಲ್ಲರೂ ಸಂಭ್ರಮಿಸುತ್ತಾರೆ. 'ಚಟ ಬಿಡಿಸಿ, ಬೈಬಲ್ ಬೇಡ' ಅನ್ನುವುದು ಭಜನೆ ಇಲ್ಲದ ಧರ್ಮಸ್ಥಳದ ಶಿಬಿರ ಕೇಳಿದಂತೆ. ಆ ಅಂಗಡಿಯಲ್ಲಿ ಆ ಮಾಲು ಇಲ್ಲ. ಒಪ್ಪಿಗೆ ಆದರೆ ಹೋಗಿ, ಇಲ್ಲದಿದ್ದರೆ ಬೇರೆ ಕಡೆ ನೋಡಿ. ಕೃಪಾದಂಥ ಕಡೆ, ಮಿಷನ್ ಆಸ್ಪತ್ರೆಗಳಲ್ಲಿ ಎಲ್ಲ ಧರ್ಮದವರೂ ಬರುತ್ತಾರೆ, ತಮ್ಮ ದೇವರನ್ನು ತಾವೇ ಇಟ್ಟುಕೊಳ್ಳುತ್ತಾರೆ. ಈ ಎರಡರಲ್ಲಿ ಯಾವುದು ಅನ್ನುವುದನ್ನು ಫಾರ್ಮಿಗೆ ಸಹಿ ಹಾಕುವ ಮೊದಲೇ ಬಾಯಿಬಿಟ್ಟು ಕೇಳಬೇಕು.

ಅಮೆರಿಕದಲ್ಲಿ ಇನ್ನೊಂದು ಗೆರೆ ಇದೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರನ್ನು ಚಿಕಿತ್ಸೆಗೆ ಕಳಿಸುವುದು ಅಲ್ಲಿ ಮಾಮೂಲು. ಆದರೆ ದೇವರ ಹೆಸರಿರುವ ಕಾರ್ಯಕ್ರಮಕ್ಕೆ ಸರ್ಕಾರ ಬಲವಂತವಾಗಿ ಕಳಿಸುವಂತಿಲ್ಲ, ಬೇರೆ ದಾರಿಯನ್ನೂ ಕೊಡಬೇಕು ಎಂದು 1996ರಿಂದ ಹಲವು ಮೇಲ್ಮನವಿ ಕೋರ್ಟುಗಳು ಹೇಳಿವೆ. ನಿಮ್ಮವರಿಗೆ ಅಂಥ ಆದೇಶ ಬಂದರೆ, ಧರ್ಮದ ಸೋಂಕಿಲ್ಲದ ಕೇಂದ್ರ ಬೇಕು ಎಂದು ವಕೀಲರ ಮೂಲಕ ಕೇಳಬಹುದು.

ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಕುಡಿತ, ಡ್ರಗ್ಸ್‌ನಿಂದಾಗುವ ತೊಂದರೆಗಳನ್ನೂ ಒಳಗೊಳ್ಳುತ್ತದೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಮಾಡಿಸಿರಬೇಕು. ಸರಪಳಿ ಹಾಕಿ ಕಟ್ಟುವುದನ್ನು ಆ ಕಾಯಿದೆ ನಿಷೇಧಿಸಿದೆ. ತಾನಾಗಿ ಸೇರಿದವನಿಗೆ ಬಿಡುಗಡೆ ಕೇಳುವ ಹಕ್ಕಿದೆ. ಕೇಂದ್ರದ ಬಾಗಿಲಲ್ಲಿ ಶಿಲುಬೆ ಇರಲಿ, ಓಂ ಇರಲಿ, ಈ ನಿಯಮ ಒಂದೇ. ಹುಡುಗನನ್ನು ನೋಡಲು ಬಿಡದ, ಒಳಗಿನ ಕೋಣೆ ತೋರಿಸದ ಜಾಗದಿಂದ ಅವತ್ತೇ ವಾಪಸ್ ಕರೆದುಕೊಂಡು ಬನ್ನಿ. ಎಲ್ಲಿಗೆ ಹೋಗಬೇಕು ತೋಚದಿದ್ದರೆ 14446 ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, 14416 ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ನೂರಕ್ಕೆ ಎಷ್ಟು?

ಟೀನ್ ಚಾಲೆಂಜ್ ಬಗ್ಗೆ ಓದುವಾಗ ಶೇ. 86 ಅನ್ನುವ ಸಂಖ್ಯೆ ಎದುರಾಗುತ್ತದೆ. ಅದರ ಮೂಲ 1975ರ ಒಂದು ಅಧ್ಯಯನ. ಸಂಖ್ಯೆ ಸುಳ್ಳೇನಲ್ಲ, ಆದರೆ ಅದು ಕೋರ್ಸು ಮುಗಿಸಿದವರಲ್ಲಿ ಎಷ್ಟು ಮಂದಿ ತಾವು ಅಮಲಿನಿಂದ ದೂರ ಇದ್ದೇವೆ ಎಂದು ಹೇಳಿದರು ಅನ್ನುವ ಲೆಕ್ಕ. ಒಂದನೇ ವಾರ ಓಡಿಹೋದವರು, ಮೂರನೇ ತಿಂಗಳು ಬಿಟ್ಟವರು ಅದರಲ್ಲಿಲ್ಲ. ನಮ್ಮಲ್ಲಿ ಕೆಲವು ಶಾಲೆಗಳು ಒಂಬತ್ತನೇ ಕ್ಲಾಸಿನಲ್ಲೇ ದಡ್ಡ ಹುಡುಗರಿಗೆ ಟಿ.ಸಿ. ಕೊಟ್ಟು ಕಳಿಸಿ, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂದು ಬ್ಯಾನರ್ ಕಟ್ಟುವುದಿಲ್ಲವೇ? ಮೋಸ ಅನ್ನುವಂತಿಲ್ಲ, ಆದರೆ ನಿಮ್ಮ ಮಗ ಯಾವ ಸಾಲಿನಲ್ಲಿ ನಿಲ್ಲುತ್ತಾನೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಯಾವ ಕೇಂದ್ರವೇ ಆಗಲಿ, ಕೇಳಬೇಕಾದದ್ದು ಇದು: ಬಾಗಿಲೊಳಗೆ ಬಂದ 100 ಮಂದಿಯಲ್ಲಿ ಎಷ್ಟು ಜನ ಮುಗಿಸಿದರು?

ಹಾಗಂತ ದೇವರ ದಾರಿಯಲ್ಲಿ ಹುರುಳಿಲ್ಲ ಅಂತಲೂ ಅಲ್ಲ. ಎ.ಎ. ಬಗೆಯ ಹನ್ನೆರಡು ಮೆಟ್ಟಿಲ ದಾರಿಯ ಮೇಲಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2020ರ ವಿಮರ್ಶೆ, ಪೂರ್ತಿ ಬಿಟ್ಟವರನ್ನು ಬಿಟ್ಟಂತೆಯೇ ಉಳಿಸುವುದರಲ್ಲಿ ಅದು ಬೇರೆ ಮಾತಿನ ಚಿಕಿತ್ಸೆಗಳಿಗಿಂತ ಕಮ್ಮಿಯೇನಲ್ಲ, ಒಂದು ಕೈ ಮೇಲೆಯೇ ಇರಬಹುದು ಎಂದಿತು. ವಾರವಾರ ಅದೇ ಮುಖಗಳನ್ನು ನೋಡುವುದು, ರಾತ್ರಿ ಹನ್ನೊಂದಕ್ಕೆ ಆಸೆ ಹುಟ್ಟಿದಾಗ ಫೋನ್ ಮಾಡಲು ಒಬ್ಬ ಇರುವುದು, ಇದರಲ್ಲಿ ಎಷ್ಟೋ ಇದೆ.

ಹೊರಗೆ ಬಂದ ಮೇಲೆ

ಕೊನೆಯ ದಿನ ಸಮಾರಂಭ ಇರುತ್ತದೆ. ಸರ್ಟಿಫಿಕೇಟು, ಫೋಟೋ, ಅಮ್ಮನ ಕಣ್ಣೀರು. ಡಬ್ಬದಲ್ಲಿಟ್ಟಿದ್ದ ಮೊಬೈಲ್ ವಾಪಸ್ ಸಿಗುತ್ತದೆ. ಚಾರ್ಜಿಗೆ ಹಾಕಿದ ಕೂಡಲೇ ಹಳೇ ನಂಬರುಗಳೆಲ್ಲ ಜೀವ ಬಂದು ಕೂರುತ್ತವೆ. ಮಾಲು ತಂದುಕೊಡುತ್ತಿದ್ದವನದೂ ಅದರಲ್ಲೇ. ಕೆಲವು ಕೇಂದ್ರದವರು ಎದುರಿಗೇ ಕೂರಿಸಿಕೊಂಡು ಒಂದೊಂದೇ ಅಳಿಸಲು ಹೇಳುತ್ತಾರೆ, ಹೊಸ ಸಿಮ್ ಹಾಕಿಸಿ ಅನ್ನುತ್ತಾರೆ. ಹೇಳದಿದ್ದರೆ ಮನೆಯವರು ಹೇಳಬೇಕು.

ಸೀದಾ ಮನೆಗೆ ಹೋಗುವುದಕ್ಕಿಂತ, ಕೆಲಸಕ್ಕೆ ಹೋಗುತ್ತಾ ಕೇಂದ್ರದ ಹತ್ತಿರದ ಮನೆಯೊಂದರಲ್ಲಿ ಕೆಲವು ತಿಂಗಳು ಇರುವ ಏರ್ಪಾಡು ಇದ್ದರೆ ಬಿಡಬೇಡಿ. ಅಲ್ಲಿ ಮೂತ್ರ ಪರೀಕ್ಷೆ ಮುಂದುವರಿಯುತ್ತದೆ, ಯಾವ ದಿನ ಅಂತ ಮೊದಲೇ ಹೇಳುವುದಿಲ್ಲ.

ಇಲ್ಲಿ ನಮ್ಮವರಿಗೇ ಅಂತ ಒಂದು ಮಾತು. ಭಾನುವಾರ ಮಗನನ್ನು ನೋಡಲು ಹೋಗುವ ಅಮ್ಮ ಡಬ್ಬಿಯಲ್ಲಿ ಗಸಗಸೆ ಪಾಯಸ ತಗೊಂಡು ಹೋಗುತ್ತಾರೆ. ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ. ಬೀಜಕ್ಕೆ ಅಂಟಿಕೊಂಡ ಒಂದಿಷ್ಟು ಮಾರ್ಫಿನ್ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಗಸಗಸೆ ಹಾಕಿದ ಬ್ರೆಡ್ಡು ತಿಂದವರೂ ಸಿಕ್ಕಿಬೀಳುತ್ತಿದ್ದರು ಎಂದೇ ಅಮೆರಿಕ ಸರ್ಕಾರ 1998ರಲ್ಲಿ ತನ್ನ ಪರೀಕ್ಷೆಯ ಮಿತಿಯನ್ನು 300 ನ್ಯಾನೋಗ್ರಾಂನಿಂದ 2,000ಕ್ಕೆ ಏರಿಸಿತು. ಆದರೆ ಎಲ್ಲ ಕೇಂದ್ರಗಳೂ ಸರ್ಕಾರದ ಮಿತಿಯನ್ನೇ ಇಟ್ಟುಕೊಂಡಿರಬೇಕೆಂದಿಲ್ಲ. ಪರೀಕ್ಷೆಯಲ್ಲಿ ಅಮಲು ಕಂಡುಬಂದರೆ, ಹುಡುಗ 'ನಾನು ತಗೊಂಡಿಲ್ಲ, ಅಮ್ಮನ ಪಾಯಸ ಕುಡಿದೆ' ಅಂದರೆ ನಂಬುವವರು ಯಾರು? ಹೆರಾಯಿನ್ನೋ ಗಸಗಸೆಯೋ ಎಂದು ಬೇರ್ಪಡಿಸುವ ಎರಡನೇ ಪರೀಕ್ಷೆ ಲ್ಯಾಬಿನಲ್ಲಿ ಇದೆ. ಅದನ್ನು ಮಾಡಿಸಿ ಎಂದು ಕೇಳಬೇಕು, ಫಲಿತಾಂಶ ಬರುವವರೆಗೆ ಎಲ್ಲರೂ ಉಸಿರು ಬಿಗಿ ಹಿಡಿದಿರಬೇಕು. ಅಷ್ಟು ದಿನ ಶಾವಿಗೆ ಪಾಯಸ ಮಾಡಿದರಾಯಿತು.